ಪೊಟ್ಟಣದ ಬೆನ್ನು ಯಾವ ಭಾಷೆಯಲ್ಲಿದೆ?

ಅಮ್ಮ ತಿಂಗಳ ಸಾಮಾನಿನ ಚೀಟಿಯನ್ನು ಹಳೇ ಕ್ಯಾಲೆಂಡರ್ ಹಾಳೆಯ ಹಿಂಬದಿಯಲ್ಲಿ ಬರೆಯುತ್ತಾಳೆ. ರಾಗಿ 5 ಕೆಜಿ, ತೊಗರಿಬೇಳೆ 2 ಕೆಜಿ, ಹುರುಳಿಕಾಳು 1 ಕೆಜಿ, ಹೆಸರುಕಾಳು ಅರ್ಧ, ಕಡಲೆಕಾಯಿ ಎಣ್ಣೆ 2 ಲೀಟರ್, ಆಮೇಲೆ ಸಾಸಿವೆ, ಮೆಂತ್ಯ, ಹುಣಸೆಹಣ್ಣು, ಬೆಲ್ಲ. ಹೊಸದುರ್ಗದ ಮನೆಯಲ್ಲಿದ್ದಾಗಲೂ ಹೀಗೇ ಬರೆಯುತ್ತಿದ್ದಳು, ನನ್ನ ಜೊತೆ ಹೈದರಾಬಾದಿಗೆ ಬಂದು ನಾಲ್ಕು ವರ್ಷವಾದ ಮೇಲೂ ಹೀಗೇ ಬರೆಯುತ್ತಾಳೆ. ನಾನು ಮನೆಯಲ್ಲೇ ಕೂತು ಅನುವಾದ ಮಾಡಿ ಬದುಕುವವನು, ಹೆಂಡತಿ ಆಫೀಸಿಗೆ ಹೋಗುವವಳು. ಹಾಗಾಗಿ ಅಡುಗೆಯಲ್ಲಿ ನನಗೂ ಅಮ್ಮನಿಗೂ ಪಾಲಿದೆ. ಚೀಟಿ ಮಾತ್ರ ಅಮ್ಮನದೇ.

ಕಳೆದ ವರ್ಷ ಅಮ್ಮನಿಗೆ ಶುಗರ್ ಬಂತು. ಡಾಕ್ಟರು "ಅನ್ನ ಕಡಿಮೆ ಮಾಡಿ, ಮಿಲೆಟ್ ತಿನ್ನಿ" ಅಂದರು. ಮಾರನೇ ದಿನ ಅಮ್ಮ ಒಬ್ಬಳೇ ಸೂಪರ್‌ಮಾರ್ಕೆಟ್ಟಿಗೆ ಹೋಗಿ ತೆನೆಯ ಚಿತ್ರವಿದ್ದ ಬಿಸ್ಕತ್ತಿನ ಹಸಿರು ಪ್ಯಾಕೆಟ್ಟುಗಳನ್ನು ತಂದಳು. ಎದುರಿಗೆ ದೊಡ್ಡ ಅಕ್ಷರದಲ್ಲಿ 'ಮಿಲೆಟ್' ಎಂದಿತ್ತು. ಇಂಗ್ಲಿಷ್ ಅಕ್ಷರ ಕೂಡಿಸಿ ಕೂಡಿಸಿ ಆ ಒಂದು ಪದವನ್ನು ಓದಿಕೊಂಡಿದ್ದಳು. ಮೂರು ವಾರ ಸಂಜೆ ಟೀ ಜೊತೆ ಅದೇ ಬಿಸ್ಕತ್ತು. ನಾನೂ ನೋಡುತ್ತಿದ್ದೆ, ಪ್ಯಾಕೆಟ್ಟು ತಿರುಗಿಸಲಿಲ್ಲ. ತಿರುಗಿಸಿದ್ದು ಖಾಲಿ ಪ್ಯಾಕೆಟ್ಟನ್ನು ಕಸಕ್ಕೆ ಹಾಕುವಾಗ. ಪದಾರ್ಥಗಳ ಪಟ್ಟಿಯಲ್ಲಿ ಮೊದಲ ಹೆಸರು ಮೈದಾ, ಎರಡನೆಯದು ಸಕ್ಕರೆ, ಮೂರನೆಯದು ತಾಳೆ ಎಣ್ಣೆ. ನಾಲ್ಕನೇ ಜಾಗದಲ್ಲಿ ರಾಗಿ ಮತ್ತು ಜೋಳದ ಹಿಟ್ಟು, ಎರಡೂ ಸೇರಿ ಶೇಕಡ 9.

ಓದಿ ಹೇಳಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದು, "ಮೂವತ್ತು ವರ್ಷ ದಿನಾ ಪೇಪರ್ ಓದಿದೀನಿ ಕಣೋ. ಇದನ್ನ ಓದಕ್ಕೆ ನಿನ್ನ ಕರೀಬೇಕಾ?" ಅಂದಳು.

ಅಮ್ಮನ ಸಿಟ್ಟು ಬಿಸ್ಕತ್ತಿನ ಮೇಲಿತ್ತೋ ನನ್ನ ಮೇಲಿತ್ತೋ ಗೊತ್ತಾಗಲಿಲ್ಲ. ನನ್ನ ಮೇಲಿದ್ದರೆ ಅದಕ್ಕೆ ಕಾರಣವಿದೆ.

ಕಳೆದ ಹತ್ತು ವರ್ಷದಲ್ಲಿ ನಾನು ಆಹಾರದ ಕಂಪನಿಗಳಿಗೆ, ದಿನಸಿ ಆ್ಯಪ್‌ಗಳಿಗೆ ಬೇಕಾದಷ್ಟು ಕನ್ನಡ ಬರೆದುಕೊಟ್ಟಿದ್ದೇನೆ. 'ನಿಮ್ಮ ಕುಟುಂಬದ ಆರೋಗ್ಯಕ್ಕಾಗಿ', 'ಪೋಷಕಾಂಶಗಳ ಆಗರ', 'ಅಜ್ಜಿಯ ಕೈರುಚಿ, ಇಂದಿನ ಆರೋಗ್ಯ' ಇವೆಲ್ಲ ನನ್ನಂಥವರ ಕೈಯಿಂದಲೇ ಬರುವ ಮಾತುಗಳು. ಬ್ಯಾನರಿಗೆ, ರೇಡಿಯೊ ಜಾಹೀರಾತಿಗೆ, ಫೋನಿನ ಪರದೆಯ ಮೇಲೆ ಮಿಂಚಿ ಹೋಗುವ ಸಾಲಿಗೆ ಕನ್ನಡ ಬೇಕು, ದುಡ್ಡು ಕೊಟ್ಟು ಬರೆಸುತ್ತಾರೆ. ಈ ಹತ್ತು ವರ್ಷದಲ್ಲಿ ಪೊಟ್ಟಣದ ಹಿಂಬದಿಯ ಪದಾರ್ಥಗಳ ಪಟ್ಟಿಯನ್ನು ಅನುವಾದಿಸಿಕೊಡಿ ಎಂದು ನನಗೆ ಒಂದೇ ಒಂದು ಕೆಲಸ ಬಂದಿಲ್ಲ. ಕೊಳ್ಳಿ ಎನ್ನುವ ಮಾತು ಅಮ್ಮನ ಭಾಷೆಯಲ್ಲಿರುತ್ತದೆ. ಏನನ್ನು ಕೊಳ್ಳುತ್ತಿದ್ದೀರಿ ಎನ್ನುವ ಮಾತು ಅಮ್ಮನಿಗೆ ಬಾರದ ಭಾಷೆಯಲ್ಲಿರುತ್ತದೆ. ಆರೋಗ್ಯದ ಅಡುಗೆಗೆ ಯಾವ ದಿನಸಿ ಬೇಕು ಎಂಬ ಚರ್ಚೆಯನ್ನು ಇಲ್ಲಿಂದ ಶುರುಮಾಡದೆ ಹೋದರೆ ಉಳಿದ ಉಪದೇಶವೆಲ್ಲ ದಂಡ ಎಂಬುದು ನನ್ನ ವಾದ.

ಇದು ಕಾನೂನು ಮೀರಿ ನಡೆಯುತ್ತಿರುವುದಲ್ಲ. ಕಾನೂನೇ ಹಾಗಿದೆ. ಎಫ್‌ಎಸ್‌ಎಸ್‌ಎಐ 2020ರಲ್ಲಿ ತಂದ ಲೇಬಲ್ ನಿಯಮಗಳ ಪ್ರಕಾರ ಪೊಟ್ಟಣದ ಮೇಲಿನ ಕಡ್ಡಾಯ ವಿವರಗಳು ಇಂಗ್ಲಿಷಿನಲ್ಲಿ ಅಥವಾ ದೇವನಾಗರಿ ಲಿಪಿಯ ಹಿಂದಿಯಲ್ಲಿ ಇದ್ದರೆ ಸಾಕು. ಬೇರೆ ಭಾಷೆಯನ್ನು ಜೊತೆಗೆ ಸೇರಿಸಲು ಅಡ್ಡಿಯಿಲ್ಲ, ಒತ್ತಾಯವೂ ಇಲ್ಲ. ಒತ್ತಾಯವಿಲ್ಲದ ಕಡೆ ಯಾವ ಕಂಪನಿ ತಾನಾಗಿ ಖರ್ಚು ಮಾಡುತ್ತದೆ?

ವಿಚಿತ್ರವೆಂದರೆ ಅದೇ ನಿಯಮಗಳು ಮಿಕ್ಕ ವಿಷಯದಲ್ಲಿ ಚೆನ್ನಾಗಿಯೇ ಇವೆ. ಯಾವ ಪದಾರ್ಥ ತೂಕದಲ್ಲಿ ಹೆಚ್ಚಿದೆಯೋ ಅದನ್ನು ಮೊದಲು ಬರೆಯಬೇಕು, ಉಳಿದವನ್ನು ಇಳಿಕೆಯ ಕ್ರಮದಲ್ಲಿ. ಎದುರಿಗೆ ಚಿತ್ರದಿಂದಲೋ ಮಾತಿನಿಂದಲೋ ಒಂದು ಪದಾರ್ಥವನ್ನು ಎತ್ತಿ ತೋರಿಸಿದರೆ, ಅದು ಒಳಗೆ ಶೇಕಡ ಎಷ್ಟಿದೆ ಎಂದು ಹೇಳಬೇಕು. ಆ ಶೇಕಡ 9 ನನಗೆ ಸಿಕ್ಕಿದ್ದು ಈ ನಿಯಮದಿಂದಲೇ. ಸತ್ಯ ಹೇಳಲೇಬೇಕು ಎಂದು ವಿಧಿಸಿ, ಯಾರಿಗೆ ಹೇಳಬೇಕೋ ಅವರಿಗೆ ಅರ್ಥವಾಗುವಂತೆ ಹೇಳಬೇಕಿಲ್ಲ ಎಂದು ವಿನಾಯಿತಿ ಕೊಟ್ಟಹಾಗಾಯಿತು.

ಆ ಶೇಕಡ 9ರ ಬೆಲೆಯನ್ನೂ ಲೆಕ್ಕ ಹಾಕಿದೆ. 2025–26ಕ್ಕೆ ರಾಗಿಯ ಬೆಂಬಲ ಬೆಲೆ ಕ್ವಿಂಟಲಿಗೆ 4,886 ರೂಪಾಯಿ, ಅಂದರೆ ಕೆಜಿಗೆ 49 ರೂಪಾಯಿಗೂ ಒಳಗೆ. ನೂರು ಗ್ರಾಂ ಬಿಸ್ಕತ್ತಿನಲ್ಲಿ ಒಂಬತ್ತು ಗ್ರಾಂ ಹಿಟ್ಟು. ಅಷ್ಟೂ ರಾಗಿಯೇ ಎಂದುಕೊಂಡರೂ ಬೆಂಬಲ ಬೆಲೆಯಲ್ಲಿ ಅದರ ಕಿಮ್ಮತ್ತು 45 ಪೈಸೆ ಮುಟ್ಟುವುದಿಲ್ಲ. ಆ 45 ಪೈಸೆಯ ಹೆಸರಿನಲ್ಲಿ ಮೈದಾ, ಸಕ್ಕರೆ, ತಾಳೆ ಎಣ್ಣೆ ಮಾರಾಟವಾಗುತ್ತವೆ.

ಇನ್ನು 'ಮಿಲೆಟ್' ಎಂಬ ಪದಕ್ಕೆ ಬರೋಣ. ಭಾಷಾಶಾಸ್ತ್ರ ಓದಿದವನಾಗಿ ಈ ಪದದ ಮೇಲೆ ನನಗೆ ವಿಶೇಷ ತಕರಾರಿದೆ. ನಮ್ಮಲ್ಲಿ ರಾಗಿ, ಜೋಳ, ಸಜ್ಜೆ, ನವಣೆ, ಸಾಮೆ, ಹಾರಕ, ಊದಲು, ಬರಗು, ಕೊರಲೆ ಎಂದು ಒಂಬತ್ತು ಹೆಸರಿವೆ. ಒಂದೊಂದರ ಬೇಯುವ ಹೊತ್ತು ಬೇರೆ, ಕುಡಿಯುವ ನೀರು ಬೇರೆ, ಪೋಷಕಾಂಶವೂ ಬೇರೆ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಮಿಕ್ಕ ಯಾವ ಧಾನ್ಯವೂ ಅದರ ಹತ್ತಿರ ಸುಳಿಯುವುದಿಲ್ಲ. 'ಮಿಲೆಟ್‌ನಲ್ಲಿ ಕ್ಯಾಲ್ಸಿಯಂ ಹೇರಳ' ಎಂದು ಬರೆದಾಗ ರಾಗಿ ಗಳಿಸಿದ ಮರ್ಯಾದೆಯನ್ನು ಎಲ್ಲಕ್ಕೂ ಹಂಚಿದ ಹಾಗೆ. 2023ರಲ್ಲಿ ಎಫ್‌ಎಸ್‌ಎಸ್‌ಎಐ ಜಾರಿಗೆ ತಂದ ಗುಣಮಟ್ಟದ ನಿಯಮದಲ್ಲಿ 15 ಬಗೆಯ ಕಾಳುಗಳು ಈ ಒಂದೇ ಪದದಡಿ ಕೂತಿವೆ. ಹುಲ್ಲಿನ ಜಾತಿಗೇ ಸೇರದ ರಾಜಗಿರಾ ಕೂಡ ಅದರಲ್ಲಿದೆ. ಪದ ಹಿಗ್ಗಿದಷ್ಟೂ ಅದರೊಳಗೆ ಅಡಗಿಕೊಳ್ಳುವುದು ಸುಲಭ.

ಹೆಸರು ಬದಲಿಸುವ ಆಟದಲ್ಲಿ ನಾವೂ ಹಿಂದೆ ಬಿದ್ದಿಲ್ಲ. ಮೊದಲು 'ತೃಣಧಾನ್ಯ', 'ಕಿರುಧಾನ್ಯ' ಎನ್ನುತ್ತಿದ್ದೆವು. ಅದು ಕೀಳಾಗಿ ಕೇಳಿಸುತ್ತದೆಂದು ಎರಡಕ್ಷರ ಬದಲಿಸಿ 'ಸಿರಿಧಾನ್ಯ' ಮಾಡಿದೆವು. ವಿಶ್ವಸಂಸ್ಥೆ ಅಂತರರಾಷ್ಟ್ರೀಯ ಸಿರಿಧಾನ್ಯ ವರ್ಷವೆಂದು ಸಾರಿದ್ದ 2023ರಲ್ಲಿ ಕೇಂದ್ರದ ಬಜೆಟ್ಟಿನಲ್ಲಿ 'ಶ್ರೀ ಅನ್ನ' ಬಂತು. ಸಿರಿ ಎಂಬುದು ಶ್ರೀ ಎಂಬುದರ ತದ್ಭವ. ಕನ್ನಡ ಮೊದಲೇ ಮಾಡಿದ್ದನ್ನು ದೆಹಲಿ ಸಂಸ್ಕೃತದಲ್ಲಿ ಮಾಡಿತು, ಅಷ್ಟೇ. ಬಡವರ ಕಾಳಿಗೆ ಮರ್ಯಾದೆ ಬಂದದ್ದಕ್ಕೆ ನನ್ನ ಆಕ್ಷೇಪವಿಲ್ಲ. ಆದರೆ ಬಿರುದು ಬಂದ ಮೇಲೆ ಸ್ವಂತ ಹೆಸರು ಕಳೆದುಹೋಯಿತು. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ರಾಗಿ ಲಕ್ಷ್ಮಣಯ್ಯನವರು ಭಾರತದ ರಾಗಿಗೂ ಆಫ್ರಿಕಾದ ರಾಗಿಗೂ ಸಂಕರ ಮಾಡಿ ಬೆಳೆಸಿದ ತಳಿಗಳಿಗೆ 'ಇಂಡಾಫ್' ಎಂದು ಹೆಸರಿಟ್ಟರು. ಇಂಡಿಯಾದ 'ಇಂಡ್', ಆಫ್ರಿಕಾದ 'ಆಫ್'. ಹೆಸರಿಡುವುದೆಂದರೆ ಇದು. ಕೇಳಿದ ಕೂಡಲೇ ಒಳಗೆ ಏನೇನಿದೆ ತಿಳಿಯುತ್ತದೆ.

ಊರು ಬಿಟ್ಟು ಬಂದ ನಮಗೆ ಈ ಹೆಸರುಗಳ ಪ್ರಶ್ನೆ ಇನ್ನೊಂದು ರೀತಿಯಲ್ಲಿ ಕಾಡುತ್ತದೆ. ಹೈದರಾಬಾದಿನಲ್ಲಿ ಅಮ್ಮ ಕೊರಲೆ ಕೇಳಿದಳು, ಅಂಗಡಿಯವರು ಕೊರ್ರಲು ಕೊಟ್ಟರು. ತೆಲುಗಿನ ಕೊರ್ರಲು ಎಂದರೆ ನಮ್ಮ ನವಣೆ. ನಮ್ಮ ಕೊರಲೆ ಬೇಕಿದ್ದರೆ ಇಲ್ಲಿ ಅಂಡು ಕೊರ್ರಲು ಎಂದು ಕೇಳಬೇಕು. ಚೆನ್ನೈನಲ್ಲಿರುವವರು ಬರಗು ನೆನೆದು ವರಗು ತಂದರೆ ಮನೆಗೆ ಬರುವುದು ಹಾರಕ. ನಮ್ಮ ಬರಗಿಗೆ ಅಲ್ಲಿ ಪನಿವರಗು ಎನ್ನುತ್ತಾರೆ. ದೆಹಲಿಯಲ್ಲಿ ವ್ರತದ 'ಸಾಮಾ' ಅಕ್ಕಿಯನ್ನು ನಮ್ಮ ಸಾಮೆ ಎಂದು ತಂದರೆ ಸಿಗುವುದು ಊದಲಿನ ಜಾತಿ, ಸಾಮೆಗೆ ಅಲ್ಲಿ ಕುಟಕಿ ಎಂದು ಹೆಸರು. ಮುಂಬೈ, ಪುಣೆಯವರಿಗೆ ರಾಗಿ ಎಂದರೆ ನಾಚಣಿ, ನವಣೆ ಎಂದರೆ ರಾಳೆ, ಹುರುಳಿ ಎಂದರೆ ಕುಳೀಥ ಅಥವಾ ಹುಲಗೆ. ಅಕ್ಕತಂಗಿ ಭಾಷೆಗಳಲ್ಲಿ ಪದಗಳು ಮನೆ ಬದಲಿಸುತ್ತವೆ, ಅದರಲ್ಲಿ ತಪ್ಪೇನೂ ಇಲ್ಲ. ಈ ಗೊಂದಲ ಬಿಡಿಸಲು ನೆರವಾಗಬೇಕಿದ್ದ ಲೇಬಲ್ಲು ಮಾತ್ರ ಇಂಗ್ಲಿಷಿನಲ್ಲಿ 'ಮಿಲೆಟ್' ಎಂದು ಹೇಳಿ ಸುಮ್ಮನಾಗುತ್ತದೆ.

'ಕನ್ನಡದಲ್ಲಿ ಹಾಕಿದರೆ ಎಲ್ಲ ಸರಿಹೋಗುತ್ತದೆಯೇ?' ಎಂದು ನೀವು ಕೇಳಬಹುದು. ಹೋಗುವುದಿಲ್ಲ. ಕೆಟ್ಟ ಕನ್ನಡ ಇಂಗ್ಲಿಷಿಗಿಂತ ಅಪಾಯಕಾರಿ. ನನ್ನದೇ ತಪ್ಪನ್ನು ಹೇಳುತ್ತೇನೆ. ಒಂದು ದಿನಸಿ ಆ್ಯಪಿನ ಪಟ್ಟಿಯನ್ನು ಯಂತ್ರ ಕನ್ನಡಕ್ಕೆ ತಂದಿತ್ತು, ತಿದ್ದುವ ಕೆಲಸ ನನ್ನದು. ಸಾವಿರಾರು ಸಾಲು, ಸಾಲಿಗೆ ಇಷ್ಟು ಪೈಸೆ ಎಂಬ ಲೆಕ್ಕ. 'ವೆಜಿಟೆಬಲ್ ಆಯಿಲ್' ಎಂಬುದು 'ತರಕಾರಿ ಎಣ್ಣೆ' ಆಗಿತ್ತು. ನಕ್ಕು, ಸಸ್ಯಜನ್ಯ ಎಣ್ಣೆ ಎಂದು ತಿದ್ದಿದೆ. 'ರಾಕ್ ಸಾಲ್ಟ್' ಎಂಬುದು 'ಕಲ್ಲುಪ್ಪು' ಆಗಿತ್ತು. ನಮ್ಮ ಅಡುಗೆಮನೆಯ ಕಲ್ಲುಪ್ಪು ಸಮುದ್ರದ ನೀರಿನಿಂದ ತೆಗೆದ ಹರಳುಪ್ಪು, ಅದು ಬೇರೆ, ಸೈಂಧವ ಲವಣ ಬೇರೆ. ಅದನ್ನೂ ತಿದ್ದಿದೆ. ಆದರೆ 'ಕಾರ್ನ್ ಫ್ಲೋರ್' ಎಂಬುದು 'ಜೋಳದ ಹಿಟ್ಟು' ಎಂದಾಗಿದ್ದು ನನ್ನ ಕಣ್ಣು ತಪ್ಪಿಸಿ ಹೋಯಿತು. ಕೆಲಸ ಒಪ್ಪಿಸಿದ ಎರಡು ದಿನಕ್ಕೆ ನೆನಪಾಗಿ ಬರೆದೆ. ಉತ್ತರ ಬರಲಿಲ್ಲ.

ಇದು ಪದದ ಸಣ್ಣ ತಪ್ಪಲ್ಲ. ನಮ್ಮ ಅಂಗಡಿಗಳಲ್ಲಿ ಸಿಗುವ ಕಾರ್ನ್ ಫ್ಲೋರ್ ಎಂದರೆ ಮೆಕ್ಕೆಜೋಳದಿಂದ ನಾರು, ಪ್ರೋಟೀನು ಎಲ್ಲ ತೆಗೆದು ಉಳಿಸಿದ ಬಿಳಿ ಪಿಷ್ಟ. ಜೋಳದ ಹಿಟ್ಟು ಎಂದರೆ ರೊಟ್ಟಿ ಬಡಿಯುವ ಹಿಟ್ಟು. ಶುಗರ್ ಇರುವವರೊಬ್ಬರು ರೊಟ್ಟಿಗೆಂದು ಕನ್ನಡದ ಹೆಸರು ನಂಬಿ ಒತ್ತಿದರೆ ಮನೆಗೆ ಬರುವುದು ಅವರು ಯಾವುದನ್ನು ಬಿಡಬೇಕೋ ಅದೇ. ಅದಕ್ಕೇ ಹೇಳುತ್ತೇನೆ, ಲೇಬಲ್ಲಿನ ಕನ್ನಡವೆಂದರೆ ಯಂತ್ರಕ್ಕೆ ಹಾಕಿ ತೆಗೆದ ಕನ್ನಡವಾಗಬಾರದು. ದಿನಸಿ ಪದಾರ್ಥಗಳಿಗೆ ಒಪ್ಪಿತ ಪದಪಟ್ಟಿ ಬೇಕು. ನನ್ನ ಕೆಲಸದ ಅನುಭವದಲ್ಲಿ ಹೇಳುವುದಾದರೆ ಇನ್ನೂರು ಪದ ಸಾಕು, ಬಹುಪಾಲು ಪೊಟ್ಟಣಗಳ ಬೆನ್ನು ಅಷ್ಟರಲ್ಲಿ ಮುಗಿಯುತ್ತದೆ. ಧಾರವಾಡ, ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯಗಳಿವೆ, ಮೈಸೂರಿನಲ್ಲಿ ಭಾರತೀಯ ಭಾಷಾ ಸಂಸ್ಥಾನವಿದೆ, ಕನ್ನಡ ಅಭಿವೃದ್ಧಿ ಪ್ರಾಧಿಕಾರವಿದೆ. ಇನ್ನೂರು ಪದಕ್ಕೆ ಇವರು ಒಟ್ಟಿಗೆ ಕೂರಲಾರರೇ?

ಕನ್ನಡಪರ ಗೆಳೆಯರಿಗೂ ಒಂದು ಮಾತು. ಕರ್ನಾಟಕದಲ್ಲಿ ಅಂಗಡಿಯ ಬೋರ್ಡಿನಲ್ಲಿ ಶೇಕಡ 60ರಷ್ಟು ಕನ್ನಡ ಇರಬೇಕೆಂದು 2024ರಲ್ಲಿ ಕಾನೂನಾಯಿತು. ಅದಕ್ಕಾಗಿ ಬೀದಿಗಿಳಿದವರಲ್ಲಿ ನನ್ನ ಸ್ನೇಹಿತರೂ ಇದ್ದರು. 2025ರ ಫೆಬ್ರವರಿಯಲ್ಲಿ ರಾಜ್ಯದಲ್ಲಿ ತಯಾರಾಗುವ ವಸ್ತುಗಳ ಮೇಲೆ ಹೆಸರು ಮತ್ತು ಬಳಕೆಯ ಸೂಚನೆ ಕನ್ನಡದಲ್ಲೂ ಇರಬೇಕೆಂದು ಆದೇಶ ಬಂತು. ಎರಡೂ ಒಳ್ಳೆಯದೇ. ಆದರೆ ಬೋರ್ಡು ಓದಲು ಬಾರದ್ದರಿಂದ ಯಾರ ಶುಗರೂ ಏರಿಲ್ಲ. ಬಿಸ್ಕತ್ತಿನ ಹೆಸರು ಕನ್ನಡದಲ್ಲಿದ್ದು ಒಳಗಿನ ಮೈದಾ ಇಂಗ್ಲಿಷಿನಲ್ಲೇ ಉಳಿದರೆ ಕನ್ನಡವೂ ಜಾಹೀರಾತಿನ ಪಾಲಾಯಿತು ಅಷ್ಟೇ. ಬೋರ್ಡಿಗೆ ತೋರಿದ ಹಟದಲ್ಲಿ ಕಾಲುಭಾಗವನ್ನು ಪದಾರ್ಥಗಳ ಪಟ್ಟಿಗೆ ತೋರಿಸಿ.

ಕಂಪನಿಗಳು ಹೇಳುವ ಸಬೂಬು ನನಗೆ ಗೊತ್ತು. 'ಜಾಗ ಇಲ್ಲ, ಭಾಷೆ ಇಪ್ಪತ್ತೆರಡಿವೆ, ಎಲ್ಲಿ ಹಿಡಿಸೋಣ?' ಎಲ್ಲ ಭಾಷೆಯನ್ನೂ ಎಲ್ಲ ಪೊಟ್ಟಣದ ಮೇಲೆ ಹಾಕಿ ಎಂದು ಯಾರೂ ಕೇಳುತ್ತಿಲ್ಲ. ಜಾಹೀರಾತನ್ನು ಯಾವ ರಾಜ್ಯಕ್ಕೆ ಯಾವ ಭಾಷೆ ಎಂದು ವಿಂಗಡಿಸಿ ಕಳಿಸಲು ಬರುತ್ತದೆ, ಸರಕನ್ನು ರಾಜ್ಯವಾರು ಉಗ್ರಾಣಕ್ಕೆ ಕಳಿಸಲು ಬರುತ್ತದೆ, ಲೇಬಲ್ಲು ಮಾತ್ರ ಬರುವುದಿಲ್ಲವೇ? ಪೂರ್ತಿ ಪಟ್ಟಿಗೆ ಜಾಗವಿಲ್ಲದ ಸಣ್ಣ ಪೊಟ್ಟಣವಾದರೆ ತೂಕದಲ್ಲಿ ಮೊದಲ ಮೂರು ಪದಾರ್ಥ, ಎದುರಿಗೆ ಚಿತ್ರ ಹಾಕಿದ ಪದಾರ್ಥದ ಶೇಕಡಾವಾರು, ಸಕ್ಕರೆ ಮತ್ತು ಉಪ್ಪಿನ ಪ್ರಮಾಣ, ಇಷ್ಟನ್ನು ರಾಜ್ಯದ ಭಾಷೆಯಲ್ಲಿ ಹಾಕಲಿ. ತೆನೆಯ ಚಿತ್ರವನ್ನು ಎರಡು ಬೆರಳು ಕಿರಿದು ಮಾಡಿದರೆ ಜಾಗ ಸಿಗುತ್ತದೆ.

ಹೈದರಾಬಾದಿನಲ್ಲಿ ಕೂತು ಕನ್ನಡ ಕೇಳುತ್ತೀಯಾ ಎಂದರೆ, ಇಲ್ಲ. ಇಲ್ಲಿ ನಾನು ಕೇಳುವುದು ತೆಲುಗನ್ನು. ಚೆನ್ನೈನಲ್ಲಿರುವ ನೀವು ತಮಿಳು ಕೇಳಿ, ಪುಣೆಯಲ್ಲಿರುವ ನೀವು ಮರಾಠಿ ಕೇಳಿ. ಅಮ್ಮ ತೆಲುಗು ಲಿಪಿಯನ್ನು ಈಗಾಗಲೇ ಮುಕ್ಕಾಲುಪಾಲು ಓದುತ್ತಾಳೆ, ನಮ್ಮ ಅಕ್ಷರದ ತಂಗಿಯಲ್ಲವೇ ಅದು. ತರಕಾರಿ ಗಾಡಿಯವರ ಹತ್ತಿರ ಅರ್ಧ ತೆಲುಗು ಅರ್ಧ ಕನ್ನಡದಲ್ಲಿ ಚೌಕಾಸಿ ಮಾಡುತ್ತಾಳೆ. ಅವಳಿಗೆ ಗೋಡೆಯಾಗಿ ನಿಂತದ್ದು ತೆಲುಗಲ್ಲ. ಅವಳ ಪಕ್ಕದ ಮನೆಯ ತೆಲುಗು ಹೆಂಗಸಿಗೂ ಅದೇ ಪೊಟ್ಟಣ ಅಷ್ಟೇ ಮೂಕವಾಗಿದೆ.

ಇಷ್ಟು ಹೇಳಿದ ಮೇಲೆ 'ಅಜ್ಜಿ ಕಾಲದ ಅಡುಗೆಯೇ ಶ್ರೇಷ್ಠ' ಎಂಬ ಭಜನೆಗೆ ನಾನು ದನಿಗೂಡಿಸುತ್ತೇನೆ ಎಂದು ಕೆಲವರು ಕಾಯುತ್ತಿರಬಹುದು. ಕ್ಷಮಿಸಿ. ನನ್ನ ಅಜ್ಜಿ ಮೂರು ಹೊತ್ತು ಮುದ್ದೆ ಉಂಡದ್ದು ಅಕ್ಕಿ ಕೊಳ್ಳಲಾಗದೆ. ಅದು ಆರೋಗ್ಯದ ಆಯ್ಕೆಯಾಗಿರಲಿಲ್ಲ. ಹೊರಗಿನದೆಲ್ಲ ಕೆಟ್ಟದ್ದು ಎಂಬ ಮಾತೂ ನಿಲ್ಲದು, ರಾಗಿಯೇ ಪೂರ್ವ ಆಫ್ರಿಕಾದಿಂದ ಬಂದದ್ದು, ಮೆಣಸಿನಕಾಯಿ ಅಮೆರಿಕ ಖಂಡದ್ದು. ರಾಗಿ ಔಷಧಿಯೂ ಅಲ್ಲ. ಅದರ ತೂಕದಲ್ಲಿ ಮೂರನೇ ಎರಡು ಭಾಗದಷ್ಟು ಪಿಷ್ಟವೇ. ಶುಗರ್ ಇರುವವರು ಎರಡು ದೊಡ್ಡ ಮುದ್ದೆ ನುಂಗಿ 'ಮಿಲೆಟ್ ತಿಂದೆ' ಎಂದರೆ ರಕ್ತ ಆ ಮಾತು ಕೇಳುವುದಿಲ್ಲ. ಪೂರ್ತಿ ಕಾಳಿಗಿಂತ ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಬೇಗ ಸಕ್ಕರೆ ಏರಿಸುತ್ತದೆ. ಇದೆಲ್ಲ ತಿಳಿಯಬೇಕಾದರೂ ಮೊದಲು ಕೈಯಲ್ಲಿರುವುದು ಏನು, ಎಷ್ಟು ಎಂದು ತಿಳಿದಿರಬೇಕು.

ಹಾಗೆಯೇ 'ಆರೋಗ್ಯಕ್ಕಾಗಿ ಅಡುಗೆಮನೆ ಬದಲಿಸಿ' ಎನ್ನುವವರ ಮಾತನ್ನೂ ನಾನು ಒಪ್ಪಲಾರೆ. 'ಫ್ಲಾಕ್ಸ್ ಸೀಡ್ಸ್' ಎಂದು ಗಾಜಿನ ಶೀಶೆಯಲ್ಲಿ ಬರುವುದು ಉತ್ತರ ಕರ್ನಾಟಕದವರು ಚಟ್ನಿಪುಡಿ ಮಾಡಿ ರೊಟ್ಟಿ ಜೊತೆ ತಿನ್ನುವ ಅಗಸಿ. ಮುಂಬೈನಲ್ಲಿ ಜವಸ ಎಂದು ಕೇಳಿದರೆ ಸಾಮಾನ್ಯ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. 'ಕೊಲೆಸ್ಟರಾಲ್ ಇಲ್ಲದ' ಎಂದು ಬರೆದ ಕಡಲೆಕಾಯಿ ಎಣ್ಣೆಯಲ್ಲಿ ಕೊಲೆಸ್ಟರಾಲ್ ಯಾವತ್ತೂ ಇರಲಿಲ್ಲ, ಸಸ್ಯದ ಎಣ್ಣೆಯಲ್ಲಿ ಅದಕ್ಕೆ ಕೆಲಸವೇ ಇಲ್ಲ. 2024ರ ಏಪ್ರಿಲ್‌ನಲ್ಲಿ ಸರ್ಕಾರವೇ ಆನ್‌ಲೈನ್ ಅಂಗಡಿಗಳಿಗೆ ಪೇಯಗಳನ್ನು 'ಹೆಲ್ತ್ ಡ್ರಿಂಕ್' ಎಂಬ ವಿಭಾಗದಿಂದ ತೆಗೆಯಲು ಹೇಳಿತು. ನಮ್ಮ ಆಹಾರ ಕಾನೂನಿನಲ್ಲಿ ಹಾಗೊಂದು ವ್ಯಾಖ್ಯೆಯೇ ಇರಲಿಲ್ಲ. ಅಷ್ಟು ವರ್ಷ ಅದನ್ನು ನಂಬಿ ಮಕ್ಕಳಿಗೆ ಕಲಸಿಕೊಟ್ಟವರು ಇದ್ದರಲ್ಲ, ಅವರು ದಡ್ಡರೇನಲ್ಲ. ಅವರಿಗೆ ಓದಲು ಸಿಕ್ಕಿದ್ದು ಎದುರಿನ ಮುಖ ಮಾತ್ರ.

ಕಾನೂನು ಬದಲಾಗುವ ತನಕ ನಮ್ಮ ಮನೆಯಲ್ಲಿ ಮಾಡಿಕೊಂಡ ಏರ್ಪಾಡು ಇಷ್ಟು. ಚೀಟಿಯಲ್ಲಿ 'ಮಿಲೆಟ್', 'ಹೆಲ್ದಿ', 'ಮಲ್ಟಿಗ್ರೇನ್' ಎಂಬ ಪದಗಳಿಗೆ ಪ್ರವೇಶವಿಲ್ಲ, ಕಾಳಿನ ಸ್ವಂತ ಹೆಸರನ್ನೇ ಬರೆಯಬೇಕು. ಆದಷ್ಟು ಒಂದೇ ಹೆಸರಿರುವ ಸಾಮಾನು: ಸಾಮೆ ಎಂದರೆ ಸಾಮೆ, ಹುರುಳಿ ಎಂದರೆ ಹುರುಳಿ, ಅದಕ್ಕೆ ಪದಾರ್ಥಗಳ ಪಟ್ಟಿಯೇ ಬೇಕಿಲ್ಲ. ಪಟ್ಟಿ ಇರುವ ಪೊಟ್ಟಣವಾದರೆ ಬಿಲ್ಲಿಗೆ ಮುಂಚೆ ತಿರುಗಿಸಿ ಮೊದಲ ಮೂರು ಹೆಸರು ಓದಬೇಕು. ಓದುವ ಕೆಲಸ ನನ್ನದು. ನಿಮ್ಮ ಮನೆಯಲ್ಲೂ ಇಂಗ್ಲಿಷ್ ಓದುವವರು ಯಾರೋ ಇದ್ದಾರೆ, ಈ ಕೆಲಸ ಅವರಿಗೆ ವಹಿಸಿ. ಊರಲ್ಲಿರುವ ಅಪ್ಪ ಅಮ್ಮನಿಗೆ ಫೋನಿನಲ್ಲಿ ಪೊಟ್ಟಣದ ಬೆನ್ನಿನ ಫೋಟೊ ಕಳಿಸಲು ಹೇಳಿ, ಓದಿ ಹೇಳಿ.

ಆದರೆ ಇದನ್ನೇ ಪರಿಹಾರ ಎಂದುಕೊಳ್ಳಬೇಡಿ. ಮೂವತ್ತು ವರ್ಷ ಪತ್ರಿಕೆ ಓದಿದ ಹೆಂಗಸು ತಾನು ತಿನ್ನುವುದು ಏನೆಂದು ತಿಳಿಯಲು ಮಗನನ್ನು ಕರೆಯಬೇಕಾದ ಸ್ಥಿತಿ ಇದು. ಮಗ ಹತ್ತಿರವಿಲ್ಲದ ಮನೆಗಳೇ ಹೆಚ್ಚು.

ಈ ತಿಂಗಳ ಚೀಟಿ ನಿನ್ನೆ ಸಿಕ್ಕಿತು. ರಾಗಿಯ ಕೆಳಗೆ 'ಅಂಡು ಕೊರ್ರಲು 1 ಕೆಜಿ' ಎಂದು ಕನ್ನಡ ಅಕ್ಷರದಲ್ಲಿ ಬರೆದು, ಪಕ್ಕದಲ್ಲಿ 'ನಮ್ಮ ಕೊರಲೆ' ಎಂದು ಸೇರಿಸಿದ್ದಾಳೆ. ಅಂಗಡಿಯವರ ಹೆಸರು ಒಂದು ಕಡೆ, ತನ್ನ ಹೆಸರು ಒಂದು ಕಡೆ. ಹೊಸದುರ್ಗದ ಹೆಂಗಸೊಬ್ಬಳು ಕ್ಯಾಲೆಂಡರ್ ಹಾಳೆಯ ಮೇಲೆ ಇಷ್ಟು ಮಾಡಬಲ್ಲಳಾದರೆ ಕೋಟಿಗಟ್ಟಲೆ ವ್ಯಾಪಾರ ಮಾಡುವವರಿಗೆ ಅದು ಕಷ್ಟವೇನಲ್ಲ. ಮಾಡಿಸುವ ಕೆಲಸ ನಮ್ಮದು.